ಮುನೀಂದ್ರ ಹುಳಿ ಮಜ್ಜಿಗೆಗೆ ನೀರು ಬೆರೆಸಿದ್ದು

ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಗಿಳಿಯೊಂದರ ಹೊಟ್ಟೆಯಲ್ಲಿತ್ತು ಎಂದು ಕಥೆ ಹೇಳುವವರು ಹೇಳುತ್ತಾರೆ. ಯಲಹಂಕ ಹಳೇ ಪೇಟೆಯ ಮುನೀಂದ್ರನ ಪ್ರಾಣ ಕಂಪ್ಯೂಟರಿನ ಒಂದು ಹಸಿರು ಗುಂಡಿಯಲ್ಲಿತ್ತು. ರಾಕ್ಷಸನಿಗಾದರೂ ತನ್ನ ಪ್ರಾಣ ಎಲ್ಲಿದೆ ಎಂಬುದನ್ನು ಗುಟ್ಟಾಗಿಡುವ ಬುದ್ಧಿಯಿತ್ತು. ಮುನೀಂದ್ರ ಅದನ್ನು ಬೋರ್ಡು ಬರೆಸಿ ಗೇಟಿಗೆ ನೇತುಹಾಕಿದ.

ನಡೆದದ್ದು ಇಷ್ಟು. ಹೆಬ್ಬಾಳದ ಕಡೆಯ ಒಂದು ಇತಿಹಾಸ ಅಧ್ಯಯನ ಕೇಂದ್ರದ ಗ್ರಂಥಾಲಯದಲ್ಲಿ ಮುನೀಂದ್ರ ಹಂಗಾಮಿ ನೌಕರ. ಎಷ್ಟು ವರ್ಷದಿಂದ ಹಂಗಾಮಿಯೆಂದರೆ, ಅವನ ಜೊತೆ ಬಂದ ಕಪಾಟುಗಳಿಗೆ ಗೆದ್ದಲು ಹಿಡಿದು, ಹೊಸ ಕಪಾಟು ಬಂದು, ಅವಕ್ಕೂ ಗೆದ್ದಲು ಹಿಡಿದಿತ್ತು. ಆ ಕೇಂದ್ರ 'ಶಾಸನ ಬಳಗ' ಎಂಬ ಇಮೇಲ್ ಚರ್ಚಾಕೂಟವೊಂದನ್ನು ನಡೆಸುತ್ತಿತ್ತು. ಮೈಸೂರು, ಧಾರವಾಡ, ಹಂಪಿಯಿಂದ ಹಿಡಿದು ಜರ್ಮನಿಯವರೆಗೆ ನಾನೂರು ಜನ ವಿದ್ವಾಂಸರು ಅದರಲ್ಲಿದ್ದರು. ಯಾರೇ ಮೇಲ್ ಬರೆಯಲಿ, ಅದು ಮೊದಲು ನಿಯಂತ್ರಕರ ಹತ್ತಿರ ಬಂದು ಕಾದು ನಿಲ್ಲಬೇಕು. ನಿಯಂತ್ರಕರು ಓದಿ 'ಬಿಡು' ಎಂಬ ಹಸಿರು ಗುಂಡಿ ಒತ್ತಿದರೆ ನಾನೂರು ಮನೆಗೂ ತಲುಪುತ್ತದೆ. 'ತಡೆ' ಎಂಬ ಕೆಂಪು ಗುಂಡಿ ಒತ್ತಿದರೆ ಅಲ್ಲೇ ಮಣ್ಣು.

ಈ ಕೆಲಸ ಹಿಂದೆ ಮೂವರು ಮಾಡಿದ್ದರು. ಮೊದಲನೆಯವರಿಗೆ ಬಿ.ಪಿ. ಬಂತು. ಎರಡನೆಯವರು ಬೇಡಿಕೊಂಡು ಬೀದರಿಗೆ ವರ್ಗ ಮಾಡಿಸಿಕೊಂಡರು. ಮೂರನೆಯ ಹೆಣ್ಣುಮಗಳು ತನ್ನ ಫೋನ್ ನಂಬರನ್ನಷ್ಟೇ ಅಲ್ಲ, ಗಂಡನ ನಂಬರನ್ನೂ ಬದಲಾಯಿಸಿದಳು. ನಾಲ್ಕನೆಯವನಾಗಿ ಸಿಕ್ಕವನು ಮುನೀಂದ್ರ.

"ಮುನೀಂದ್ರ, ಯುಗಾದಿವರೆಗೂ ಬಳಗದಲ್ಲಿ ಜಗಳ ಆಗದೆ ಇರೋ ಹಾಗೆ ನೋಡ್ಕೊಳಿ ಸಾಕು," ಎಂದರು ನಿರ್ದೇಶಕಿ ಹರ್ಷಿತಾ ಮೇಡಂ. "ನಿಮ್ಮ ಕಾಯಂ ಆರ್ಡರ್ ನನ್ನ ಜವಾಬ್ದಾರಿ."

ಕಾಯಂ! ಆ ಪದಕ್ಕಾಗಿ ಅವನ ಮನೆಯಲ್ಲಿ ಎಲ್ಲವೂ ಕಾಯುತ್ತಿದ್ದವು. ಸೋರುವ ಶೀಟು ಬದಲಾಯಿಸುವುದು ಕಾಯಂ ಆದಮೇಲೆ. ಧರ್ಮಸ್ಥಳದ ಹರಕೆ ಕಾಯಂ ಆದಮೇಲೆ. ಹೆಂಡತಿ ಧನಲಕ್ಷ್ಮಿ ಮಿಕ್ಸಿಯ ಮುರಿದ ಮುಚ್ಚಳವನ್ನು ಕೈಯಲ್ಲಿ ಅದುಮಿ ಹಿಡಿದು ಚಟ್ನಿ ರುಬ್ಬುತ್ತಿದ್ದುದೂ ಅದೇ ನಂಬಿಕೆಯ ಮೇಲೆ. ಅವಳ ತಮ್ಮ ಮುನಿರತ್ನ ಬಸ್ ಡ್ರೈವರು, ಕಾಯಂ. ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಭಾವಾ, ಕಾಯಂ ಆಯ್ತಾ?" ಎಂದು ಕೇಳಿ, ಉತ್ತರ ಗೊತ್ತಿದ್ದುದರಿಂದ ತಾನೇ "ಆಯ್ತದೆ ಬಿಡಿ" ಎಂದು ಸಮಾಧಾನವನ್ನೂ ಹೇಳುತ್ತಿದ್ದ. ಕೇಳುವುದಕ್ಕಿಂತ ಆ ಸಮಾಧಾನವೇ ಮುನೀಂದ್ರನಿಗೆ ಹೆಚ್ಚು ಉರಿಸುತ್ತಿತ್ತು.

ಹೀಗಾಗಿ ಕೆಲಸ ಸಿಕ್ಕ ವಾರದಲ್ಲೇ ಗೇಟಿನ ಮೇಲೆ ಬೋರ್ಡು ಬಂತು: 'ಮುನೀಂದ್ರ ಎಂ., ನಿಯಂತ್ರಕರು, ಸಮಸ್ತ ಶಾಸನ ವಿದ್ವಾಂಸರು.'

ಪಕ್ಕದ ಮನೆಯ ವಹಾಬ್ ಸೋಫಾ ಹೊಲಿಯುವ ಅಂಗಡಿಯವರು. ಅವರು ಬೋರ್ಡನ್ನು ಎರಡು ಸಲ ಓದಿದರು.

"ಎಷ್ಟು ಜನ ಭಾಯ್ ನಿಮ್ ಕೈ ಕೆಳ್ಗೆ?"

"ನಾನೂರು."

"ಎಲ್ಲಾ ಪ್ರೊಫೆಸರ್‌ಗಳು?"

"ಬಹುತೇಕ. ನಾನು ಬಿಡು ಅಂದ್ರೇನೇ ಅವರ ಮಾತು ಹೊರಗ್ ಬರೋದು. ತಡೆ ಅಂದ್ರೆ ಗಂಟಲಲ್ಲೇ."

"ಯಾ ಅಲ್ಲಾ!" ವಹಾಬ್ ಧ್ವನಿ ತಗ್ಗಿಸಿದರು. "ನಮ್ ಮನೇಲಿ ಇರೋದು ಒಬ್ರೇ. ಅವ್ರಿಗೂ ಇಂಥ ಗುಂಡಿ ಒಂದು ಹಾಕ್ಸಕ್ಕಾಗ್ತದಾ?"

"ಕೇಳಿಸ್ತಾ ಐತೆ!" ಎಂದು ಒಳಗಿನಿಂದ ಅವರ ಹೆಂಡತಿ ಸುಗ್ರಾ ಕೂಗಿದರು.

ಬೀದಿ ಕೊನೆಯ ರತ್ನಕ್ಕ ಮೊಮ್ಮಗನ ಮಾರ್ಕ್ಸ್ ಕಾರ್ಡು ಹಿಡಿದೇ ಬಂದರು. "ಪ್ರೊಫೆಸರ್‌ಗಳ್ನೆಲ್ಲ ಬಾಗ್ಲಲ್ಲಿ ನಿಲ್ಸಿರ್ತೀಯಂತೆ. ನಮ್ಮುಡುಗನ್ಗೆ ಒಂದು ಸೀಟು ಕೊಡ್ಸಪ್ಪ." ತನ್ನಿಂದ ಆಗುವುದಿಲ್ಲ ಎಂದು ಮುನೀಂದ್ರ ಹೇಳಬಹುದಿತ್ತು. ಆದರೆ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿತ್ತು. ಅವನು ಗಂಭೀರವಾಗಿ "ನೋಡೋಣ" ಎಂದ. ಈ ರಾಜ್ಯದಲ್ಲಿ 'ನೋಡೋಣ' ಎನ್ನಲು ಬಂದವನನ್ನು ಜನ ಅಧಿಕಾರಿ ಎಂದೇ ತಿಳಿಯುತ್ತಾರೆ.

ಮೊದಲ ಮೇಲ್ ಬಂದದ್ದು ಮರುದಿನ ಸಂಜೆ, ಕೇಂದ್ರದವರು ಮನೆಗೆ ಕೊಟ್ಟಿದ್ದ ಹಳೇ ಕಂಪ್ಯೂಟರಿಗೆ, ಜಾಲಹಳ್ಳಿಯ ನಿವೃತ್ತ ಪ್ರೊಫೆಸರ್ ವೆಂಕಟೇಶಪ್ಪನವರಿಂದ. ಮೂವರು ನಿಯಂತ್ರಕರನ್ನು ಓಡಿಸಿದ ಜಗಳದ ಅರ್ಧಭಾಗ ಅವರು. ಉಳಿದರ್ಧ ಚಿಕ್ಕಬಾಣಾವರದ ನಿವೃತ್ತ ಪ್ರೊಫೆಸರ್ ಚಿಕ್ಕಮುನಿಯಪ್ಪನವರು. ರಾಜಾನುಕುಂಟೆಯ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಅದರಲ್ಲಿ ಕತ್ತಿ ಹಿಡಿದ ವೀರ, ಪಕ್ಕದಲ್ಲಿ ಒಂದು ಪ್ರಾಣಿ. ಅದು ವೀರನ ಜೊತೆ ಹೋರಾಡಿ ಸತ್ತ ನಾಯಿ ಎಂದು ವೆಂಕಟೇಶಪ್ಪ. ವೀರ ಹೋರಾಡಿ ಕೊಂದ ಹುಲಿ ಎಂದು ಚಿಕ್ಕಮುನಿಯಪ್ಪ. ಈ ಒಂದು ಪ್ರಾಣಿಯಿಂದಾಗಿ ಇಬ್ಬರೂ ಒಂದೇ ಮದುವೆಗೆ ಹೋಗುತ್ತಿರಲಿಲ್ಲ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರಲಿಲ್ಲ. ಅವರನ್ನು ಬಳಗದಿಂದ ತೆಗೆದುಹಾಕುವ ಧೈರ್ಯ ಹರ್ಷಿತಾ ಮೇಡಂಗೆ ಇರಲಿಲ್ಲ. ಮೇಡಂ ಪಿಎಚ್.ಡಿ.ಗೆ ಇವರಲ್ಲಿ ಒಬ್ಬರು ಮಾರ್ಗದರ್ಶಕರಾಗಿದ್ದರು, ಇನ್ನೊಬ್ಬರು ಪರೀಕ್ಷಕರು. ಇಬ್ಬರಲ್ಲಿ ಯಾರು ಫೋನ್ ಮಾಡಿದರೂ ಮೇಡಂ ಈಗಲೂ ಕುರ್ಚಿಯಿಂದ ಎದ್ದು ನಿಂತೇ ಮಾತಾಡುತ್ತಿದ್ದರು.

ವೆಂಕಟೇಶಪ್ಪನವರ ಮೇಲ್ ಹೀಗಿತ್ತು: "ಕಲ್ಲಿನ ಮೇಲಿರುವುದು ನಾಯಿ. ಅದನ್ನು ಹುಲಿ ಎನ್ನುವ ಚಿಕ್ಕಮುನಿಯಪ್ಪ ಹುಲಿಯನ್ನೂ ನೋಡಿಲ್ಲ, ನಾಯಿಯನ್ನೂ ನೋಡಿಲ್ಲ, ಕನ್ನಡಿಯನ್ನಂತೂ ನೋಡಿಯೇ ಇಲ್ಲ."

ಮುನೀಂದ್ರನ ಬೆರಳು ಹಸಿರಿಗೂ ಕೆಂಪಿಗೂ ನಡುವೆ ತೂಗಿತು. ಬಿಟ್ಟರೆ ಜಗಳ. ತಡೆದರೆ ವೆಂಕಟೇಶಪ್ಪ ಮೇಡಂಗೆ ಫೋನ್ ಮಾಡುತ್ತಾರೆ. ಎರಡರಲ್ಲೂ ಕಾಯಂ ಕೈಬಿಟ್ಟಂತೆಯೇ. ದಿಕ್ಕು ತೋಚದೆ ಅದನ್ನು ಗಟ್ಟಿಯಾಗಿ ಓದಿದ. ಅವನ ತಾಯಿ ವರಲಕ್ಷ್ಮಮ್ಮ ಮೊರದ ಮುಂದೆ ಕೂತು ಅವರೆಕಾಳು ಹಿದುಕುತ್ತಿದ್ದರು.

"ಇದನ್ನ ಇಂಗೇ ಒಯ್ದು ಆವಯ್ಯನ್ಗೆ ಕೊಡ್ತೀಯಾ?" ಎಂದರು.

"ಅದೇ ಅಮ್ಮ ನನ್ ಕೆಲ್ಸ."

"ಥೂ! ಮಾತು ಒಯ್ಯೋನು ಇಂಗೇ ಒಯ್ದ್ರೆ ಅವ್ನು ಮನುಷ್ಯನಾ, ಪೋಸ್ಟ್ ಡಬ್ಬಾನಾ? ಹುಳಿ ಮಜ್ಜಿಗೇನ ಯಾರಾದ್ರೂ ಅಂಗೇ ಕೊಡ್ತಾರಾ? ಒಂದೀಟು ನೀರು ಬೆರೆಸಿ ಕೊಡ್ಬೇಕು."

ವರಲಕ್ಷ್ಮಮ್ಮನಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿತ್ತು. ಅವರ ತವರಿನ ಕಡೆ ಎರಡು ಮನೆಗಳ ನಡುವೆ ಮಾತು ನಿಂತುಹೋದರೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ನಡುವೆ ಹಿರಿಯರೊಬ್ಬರು ಮಾತು ಒಯ್ದು ಮಾತು ತರಬೇಕು. ಸುತ್ತ ಏಳು ಹಳ್ಳಿಗೆ ಆ ಹಿರಿಯರು ವರಲಕ್ಷ್ಮಮ್ಮ. ಈ ಮನೆಯವಳು "ಅವಳ ಕೈ ಮುರಿದೋಗ" ಎಂದರೆ ಆ ಮನೆಯಲ್ಲಿ "ಕೈನೋವು ಎಂಗೈತೆ ಅಂತ ಕೇಳಿದ್ಲು ಕಣವ್ವ" ಎನ್ನುವರು. ಆ ಮನೆಯವಳು "ಅವಳ ಮನೆ ಹೊಸ್ತಿಲು ತುಳಿದ್ರೆ ಕೇಳು" ಎಂದರೆ ಈ ಮನೆಯಲ್ಲಿ "ನಿನ್ ಮನೆ ಹೊಸ್ತಿಲಿನ ಮಾತೇ ಆಡ್ತಿದ್ಲು" ಎನ್ನುವರು. ಹೀಗೆ ನಾಲ್ಕು ಸಲ ಓಡಾಡುವಷ್ಟರಲ್ಲಿ ಇಬ್ಬರೂ ಒಂದೇ ಎಲೆಅಡಿಕೆ ತಟ್ಟೆಗೆ ಕೈ ಹಾಕುತ್ತಿದ್ದರು.

ಮುನೀಂದ್ರ ಪರದೆ ನೋಡಿದ. ಹಸಿರು, ಕೆಂಪು ಗುಂಡಿಗಳ ಪಕ್ಕದಲ್ಲಿ ಒಂದು ಪುಟ್ಟ ಪೆನ್ಸಿಲ್ ಗುರುತಿತ್ತು. ಕಾಗುಣಿತ ತಪ್ಪಿದ್ದರೆ ತಿದ್ದಲಿ ಎಂದು ಯಾರೋ ಪುಣ್ಯಾತ್ಮರು ಇಟ್ಟದ್ದು. ಮುನೀಂದ್ರ ಪೆನ್ಸಿಲ್ ಒತ್ತಿದ. ಸ್ವಲ್ಪ ಹೊತ್ತಿನಲ್ಲಿ ಬಳಗಕ್ಕೆ ಹೋದದ್ದು ಇದು:

"ಕಲ್ಲಿನ ಮೇಲಿರುವುದು ನಾಯಿ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಮಿತ್ರ ಚಿಕ್ಕಮುನಿಯಪ್ಪನವರನ್ನು ನೋಡಿ ಬಹಳ ದಿನವಾಯಿತು. ಕನ್ನಡಿ ನೋಡಿದಾಗಲೆಲ್ಲ ಅವರದೇ ನೆನಪು."

ಬರೆದವರೇ ಇದನ್ನು ಓದಿ ಹಿಡಿದುಬಿಡುವುದಿಲ್ಲವೇ ಎಂದು ನಿಮಗೆ ಅನುಮಾನ ಬರಬಹುದು. ನೀವು ವಿದ್ವಾಂಸರ ಜೊತೆ ಬದುಕಿದವರಲ್ಲ. ತಾವು ಬರೆದದ್ದು ಸರಿಯಾಗಿಯೇ ಇದೆ ಎಂದು ಗೊತ್ತಿರುವುದರಿಂದ ಅವರು ಅದನ್ನು ಮತ್ತೆ ಓದುವುದಿಲ್ಲ. ಓದುವುದೆಲ್ಲ ಎದುರಾಳಿ ಬರೆದದ್ದನ್ನು, ಅದೂ ತಪ್ಪು ಹುಡುಕಲು.

ಚಿಕ್ಕಮುನಿಯಪ್ಪ ತಪ್ಪು ಹುಡುಕಿದರು. ಸಿಗಲಿಲ್ಲ. ಮೂರನೆಯ ದಿನ ಅವರ ಉತ್ತರ ಬಂತು: "ಕನ್ನಡಿ ನೋಡಿದಾಗ ನನ್ನ ನೆನಪೇ? ಇದರಲ್ಲಿ ಏನೋ ಕುತಂತ್ರವಿದೆ. ಈ ಮನುಷ್ಯ ಬಾಗಿದನೆಂದರೆ ಕಲ್ಲು ಎತ್ತಿಕೊಳ್ಳಲಿಕ್ಕೇ."

ಪೆನ್ಸಿಲ್ ಹಾದು ಹೊರಟಾಗ ಅದು ಹೀಗಾಗಿತ್ತು: "ಕನ್ನಡಿಯ ಮಾತು ಓದಿ ಕಣ್ಣು ತುಂಬಿತು. ಹೀಗೆ ಬಾಗುವ ಗುಣ ದೊಡ್ಡವರಿಗೇ ಬರುವುದು."

ಬಳಗ ಬೆರಗಾಯಿತು. ಹರ್ಷಿತಾ ಮೇಡಂ ಗ್ರಂಥಾಲಯಕ್ಕೇ ಇಳಿದು ಬಂದು, "ಏನ್ ಮಾಡಿದ್ರಿ ಮುನೀಂದ್ರ?" ಎಂದು ಕೇಳಿದರು.

"ಸ್ವಲ್ಪ ಕಾಗುಣಿತ ನೋಡಿದೆ ಮೇಡಂ," ಎಂದ ಮುನೀಂದ್ರ.

ಸುದ್ದಿ ಬೀದಿಗೆ ಹಬ್ಬಿತು. ಸಂಜೆಯಾದರೆ ಮುನೀಂದ್ರನ ನಡುಮನೆಯಲ್ಲಿ ದರ್ಬಾರು. ವಹಾಬ್ ಅಂಗಡಿ ಬಾಗಿಲು ಎಳೆದು ಬರುವರು. ಸುಗ್ರಾ ಟೀ ಫ್ಲಾಸ್ಕು ತರುವರು. ಧನಲಕ್ಷ್ಮಿ ಬಾಗಿಲಿಗೊರಗಿ ತೀರ್ಪು ಕೊಡುವಳು. ಮುನೀಂದ್ರ ನೀರು ಬೆರೆಸಿದ್ದನ್ನು ಓದಿದರೆ ವಹಾಬ್‌ಗೆ ಸಮಾಧಾನವಿಲ್ಲ.

"ಇದೇನ್ ಭಾಯ್, ಕರೆಂಟ್ ಬಿಲ್ ಥರಾ ಬರ್ದಿದೀರಾ. ದೊಡ್ಡೋರ್ಗೆ ಬರಿಯೋವಾಗ ಮೊದ್ಲು ತಬಿಯತ್ ಕೇಳ್ಬೇಕು. ಆಮೇಲೆ ಮನೆಗೆ ಕರೀಬೇಕು. ಬರ್ಕೊಳಿ: ತಮ್ಮ ಪಾದಧೂಳಿಯಿಂದ ನಮ್ಮ ಗರೀಬಖಾನೆ ಎಂದು ಪಾವನವಾಗುವುದೋ."

"ನಕ್ಕೋ ಜೀ," ಎಂದರು ಸುಗ್ರಾ, "ಬೇಡ, ಜಾಸ್ತಿ ಆಯ್ತು. ಅವ್ರೇನ್ ನಿಕಾಹ್ ಮಾತಾಡ್ತಾ ಇದಾರಾ?"

"ಇರ್ಲಿ ಬಿಡಿ ಸುಗ್ರಕ್ಕ," ಎಂದಳು ಧನಲಕ್ಷ್ಮಿ, "ಕಾಯಂ ಆಗೋವರ್ಗೂ ಸಕ್ಕರೆ ಹಾಕೋಣ. ಆಮೇಲೆ ಬೇಕಾದ್ರೆ ಕಮ್ಮಿ ಮಾಡುದ್ರಾಯ್ತು."

ಹೀಗೆ ಜಾಲಹಳ್ಳಿಯಿಂದ ಹೊರಟ ಮೆಣಸಿನಕಾಯಿ ಯಲಹಂಕದಲ್ಲಿ ಜಹಾಂಗೀರಾಗಿ ಚಿಕ್ಕಬಾಣಾವರ ತಲುಪುತ್ತಿತ್ತು. ಬೈದವರಿಗೆ ಬೈದ ತೃಪ್ತಿ. ಬೈಸಿಕೊಂಡವರಿಗೆ ಹೊಗಳಿಸಿಕೊಂಡ ತೃಪ್ತಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಮುನೀಂದ್ರ ಇವತ್ತಿಗೂ ನಡೆಸಿಕೊಂಡು ಹೋಗುತ್ತಿದ್ದನೇನೋ. ಆದರೆ ಒಂದು ಶುಕ್ರವಾರ ಕರೆಂಟು ಹೋಗುವ ಸೂಚನೆ ಕಂಡು, ದೀಪ ಎರಡು ಸಲ ಕಣ್ಣು ಹೊಡೆದಾಗ, ಆತುರದಲ್ಲಿ ಅವನು ನೀರು ಬೆರೆಸುವುದು ಬಿಟ್ಟು ಸೋಸಲು ಹೊರಟ.

ವೆಂಕಟೇಶಪ್ಪ ಬರೆದಿದ್ದರು: "ಚಿಕ್ಕಮುನಿಯಪ್ಪ ಹೇಳುವ ಹುಲಿ ಇದೆ, ಅವರ ತಲೆಯಲ್ಲಿ. ಕಲ್ಲಿನಲ್ಲಿ ಇಲ್ಲ."

ಮುನೀಂದ್ರ ಸೋಸಿದ: "ಚಿಕ್ಕಮುನಿಯಪ್ಪನವರು ಹೇಳುವ ಹುಲಿ ಇದೆ."

ಚಿಕ್ಕಮುನಿಯಪ್ಪ ಅದೇ ಹೊತ್ತಿಗೆ ಬರೆದಿದ್ದರು: "ನಾಯಿ ಎಂದು ಒಪ್ಪುವುದಕ್ಕಿಂತ ಸಾಯುವುದು ಮೇಲು. ಇವರ ಮುಖ ಕಾಣಬೇಕಾಗಿ ಬಂದರೆ ಆಗಲೇ ಸತ್ತಂತೆ."

ಮುನೀಂದ್ರ ಅದನ್ನೂ ಸೋಸಿದ: "ನಾಯಿ ಎಂದು ಒಪ್ಪುತ್ತೇನೆ. ಸಾಯುವ ಮುನ್ನ ಒಮ್ಮೆ ತಮ್ಮ ಮುಖ ಕಾಣಬೇಕು."

ಹಸಿರು, ಹಸಿರು. ಕರೆಂಟು ಹೋಯಿತು.

ಬೆಳಿಗ್ಗೆ ಕರೆಂಟು ಬಂದಾಗ ಲೋಕ ಬದಲಾಗಿತ್ತು. ಗೆದ್ದೆನೆಂದು ತಿಳಿದ ಇಬ್ಬರೂ ಗೆದ್ದವರಿಗಷ್ಟೇ ಬರುವ ಧಾರಾಳತನದಿಂದ ಮೇಲ್ ಬರೆದಿದ್ದರು. ಕಲ್ಲಿನ ಮುಂದೆಯೇ ಭೇಟಿಯಾಗೋಣ, ಎಲ್ಲರೆದುರು ಈ ವಿಷಯ ಮುಗಿಸೋಣ ಎಂದು ಚಿಕ್ಕಮುನಿಯಪ್ಪ. ಮುಖ ಕಾಣಬೇಕೆಂದಿರಲ್ಲ, ಅವಶ್ಯವಾಗಿ, ಶಾಲು ನಾನೇ ತರುತ್ತೇನೆ ಎಂದು ವೆಂಕಟೇಶಪ್ಪ. ಇವಕ್ಕೆ ಪೆನ್ಸಿಲ್ ಬೇಕೇ ಆಗಲಿಲ್ಲ. ಧಾರವಾಡದ ಒಬ್ಬರು ಮಾತ್ರ "ಈಗ ಯಾರು ಯಾವ ಕಡೆ?" ಎಂದು ಕೇಳಿದ್ದರು. ಮುನೀಂದ್ರ ಬೆವರುತ್ತ ಅವರಿಗೆ ಕೆಂಪು ಒತ್ತಿದ.

ಹರ್ಷಿತಾ ಮೇಡಂ ಹಿಗ್ಗಿ ಹೀರೇಕಾಯಿಯಾದರು. ಯುಗಾದಿಗೆ ಮುಂಚಿನ ಭಾನುವಾರ ರಾಜಾನುಕುಂಟೆ ಕೆರೆ ಏರಿ ಮೇಲೆ ಸಮಾರಂಭ. ಶಾಮಿಯಾನ, ಮೈಕು, ಉಪ್ಪಿಟ್ಟು, ಕೇಸರಿಬಾತು. "ಅಲ್ಲೇ ನಿಮ್ಮ ಕಾಯಂ ಆರ್ಡರ್ ಕೈಗೆ ಕೊಡ್ತೀನಿ ಮುನೀಂದ್ರ. ಎಲ್ಲರ ಮುಂದೆ."

ಧನಲಕ್ಷ್ಮಿ ಆ ಸಂಜೆಯೇ ಮಿಕ್ಸಿಯ ಮುಚ್ಚಳವನ್ನು ಕಸಕ್ಕೆ ಎಸೆದಳು. ಮುನಿರತ್ನ ಟೆಂಪೊ ಟ್ರಾವೆಲರ್ ಗೊತ್ತುಮಾಡಿದ. ಬೀದಿಗೆ ಬೀದಿಯೇ ಹೊರಡಲು ಸಿದ್ಧವಾಯಿತು. ಮುನೀಂದ್ರ ಒಬ್ಬನೇ ಕಂಬಳಿ ಹೊದ್ದು ಮಲಗಿದ.

"ಅಮ್ಮ, ಜ್ವರ," ಎಂದ.

ವರಲಕ್ಷ್ಮಮ್ಮ ಹಣೆ ಮುಟ್ಟಿ ನೋಡಿದರು. "ಜ್ವರ ಅಲ್ಲ. ಎದರಿಕೆ. ಏಳು, ಸ್ನಾನ ಮಾಡು."

ಭಾನುವಾರ ಏರಿಯ ಮೇಲೆ ಜನವೋ ಜನ. ವೀರಗಲ್ಲಿಗೆ ಹೊಸದಾಗಿ ಅರಿಶಿನ, ಕುಂಕುಮ ಮೆತ್ತಿ, ಮೇಲೆ ಎಣ್ಣೆ ಸುರಿದಿದ್ದರು. ವೀರನಿಗೆ ಮೂಗಿಲ್ಲ, ಪ್ರಾಣಿಗೆ ಮುಖವಿಲ್ಲ. ಊರವರಿಗೆ ಅದು ಮುನೇಶ್ವರ. ಎಲ್ಲರಿಗೂ ಕಾಣಲಿ ಎಂದು ಕೇಂದ್ರದವರೊಬ್ಬರು ಬಟ್ಟೆ ಹಿಡಿದು ಒರೆಸಲು ಹೋದಾಗ ಪೂಜಾರಿ ಮುನಿಗಂಗಪ್ಪ ಅಡ್ಡ ನಿಂತರು.

"ನಾಯಿನೋ ಉಲಿನೋ ನಿಮ್ ಕಾಲೇಜಲ್ಲಿ ಇಟ್ಕಳಿ ಸ್ವಾಮಿ. ಎಣ್ಣೆ ಒರೆಸುದ್ರೆ ದೇವ್ರು ಬೆತ್ತಲೆ ಆಯ್ತದೆ."

ವೆಂಕಟೇಶಪ್ಪ ಬಂದರು, ಕೈಯಲ್ಲಿ ಶಾಲು ಮತ್ತು ಒಂದು ಗೊಂಚಲು ಎಳನೀರು. ಚಿಕ್ಕಮುನಿಯಪ್ಪ ಬಂದರು, ಕೈಯಲ್ಲಿ ಅದಕ್ಕಿಂತ ಒಂದು ಗೇಣು ಉದ್ದದ ಶಾಲು. ಇಬ್ಬರೂ ಒಟ್ಟಿಗೇ ಹೊದಿಸಲು ಹೋಗಿ ನಾಲ್ಕು ಕೈ ಎರಡು ಶಾಲು ಸಿಕ್ಕುಹಾಕಿಕೊಂಡವು. ಹರ್ಷಿತಾ ಮೇಡಂ ಚಪ್ಪಾಳೆ ತಟ್ಟಿದರು. ಟೆಂಪೊದ ಜನ ಶಿಳ್ಳೆ ಹೊಡೆದರು. ಮುನೀಂದ್ರ ಶಾಮಿಯಾನದ ಕಂಬವನ್ನು ಅಪ್ಪಿ ನಿಂತಿದ್ದ.

"ಮಿತ್ರರೇ," ಎಂದರು ವೆಂಕಟೇಶಪ್ಪ ಮೈಕಿನಲ್ಲಿ, "ಸೋಲನ್ನು ಒಪ್ಪಿಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು."

"ಇರ್ಲಿ ಬಿಡಿ, ಸಂಕೋಚ ಬೇಡ," ಎಂದರು ಚಿಕ್ಕಮುನಿಯಪ್ಪ ಮೃದುವಾಗಿ. "ಯಾರಿಗಾದ್ರೂ ತಪ್ಪಾಗತ್ತೆ."

"ಅದೇ ನಾನೂ ಹೇಳೋದು. ನಿಮಗೆ ತಪ್ಪಾಗಿದ್ದು ದೊಡ್ಡ ವಿಷಯ ಅಲ್ಲ."

"ನನಗಾ?"

"ಮತ್ಯಾರಿಗೆ?"

"ಹುಲಿ ಇದೆ ಅಂತ ಬರೆದೋರು ನೀವಲ್ವೇನ್ರೀ?"

"ನಾಯಿ ಅಂತ ಒಪ್ಪಿದೋರು ನೀವಲ್ವೇನ್ರೀ? ಸಾಯೋ ಮುಂಚೆ ನನ್ನ ಮುಖ ನೋಡ್ಬೇಕು ಅಂತ ಬೇರೆ ಬರ್ದಿದ್ರಿ! ಪಾಪ, ಏನೋ ದೊಡ್ಡ ಕಾಯಿಲೆ ಅಂತ ಎಳನೀರು ಹೊತ್ಕೊಂಡ್ ಬಂದಿದೀನಿ!"

"ನಾನ್ಯಾಕ್ರೀ ಸಾಯ್ಲಿ? ಪಾದಧೂಳಿ ಬೇಕು, ಗರೀಬಖಾನೆ ಪಾವನ ಆಗ್ಬೇಕು ಅಂತ ಗೋಗರೆದೋರು ನೀವು!"

"ಗರೀಬಖಾನೆ? ನನಗೆ ಸ್ವಂತ ಮನೆ ಇದೆ! ಮೇಲೆ ಬಾಡಿಗೆ ಪೋರ್ಷನ್ ಇದೆ!"

ವಹಾಬ್ ಆಕಾಶದ ಮೋಡಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಇಬ್ಬರೂ ಫೋನ್ ತೆಗೆದರು. ಒಬ್ಬರದನ್ನೊಬ್ಬರು ಓದಿದರು. ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ತಮ್ಮದನ್ನೂ ಓದಿದರು. ಎರಡು ತಲೆಗಳೂ ಮೆಲ್ಲಗೆ ಶಾಮಿಯಾನದ ಕಂಬದ ಕಡೆ ತಿರುಗಿದವು. ಅವುಗಳ ಹಿಂದೆ ಮೇಡಂ ತಲೆ, ಆಮೇಲೆ ಕೆರೆ ಏರಿಯ ಅಷ್ಟೂ ತಲೆಗಳು.

"ಕಾಗುಣಿತ..." ಎಂದ ಮುನೀಂದ್ರ. ತಾನೇ ಒಂದು ಕೆಂಪು ಗುಂಡಿ ನುಂಗಿದ ಹಾಗಾಗಿತ್ತು.

"ಕಾಗುಣಿತಾನಾ?" ವೆಂಕಟೇಶಪ್ಪ ಗುಡುಗಿದರು. "ನಾನು ಬೈದ ಬೈಗುಳ ಎಲ್ಲಪ್ಪ? ಎಲ್ಲಿ ನನ್ನ ಕನ್ನಡಿ?"

"ನನ್ನ ಕಲ್ಲೆಲ್ಲಿ?" ಎಂದು ಚಿಕ್ಕಮುನಿಯಪ್ಪ. "ಒಂದೊಂದು ಬೈಗುಳಕ್ಕೂ ಅರ್ಧರ್ಧ ದಿನ ಕೂತಿದೀನಿ ಕಣಯ್ಯ!"

ಮೇಡಂ ಕೈಯಲ್ಲಿದ್ದ ಲಕೋಟೆ ಮೆಲ್ಲಗೆ, ಯಾರಿಗೂ ನೋವಾಗದಂತೆ, ಬ್ಯಾಗಿನೊಳಕ್ಕೆ ವಾಪಸು ಹೋಯಿತು. ಮುನೀಂದ್ರ ಅದನ್ನು ನೋಡಿದ. ಧನಲಕ್ಷ್ಮಿಯೂ ನೋಡಿದಳು. ಅವಳಿಗೆ ಎಸೆದ ಮುಚ್ಚಳ ನೆನಪಾಯಿತು.

"ಆಯ್ತದೆ ಬಿಡಿ ಭಾವಾ," ಎಂದ ಮುನಿರತ್ನ ಹಿಂದಿನಿಂದ.

ಆಗ ಟೆಂಪೊದಿಂದ ವರಲಕ್ಷ್ಮಮ್ಮ ಇಳಿದರು. ಮೊಣಕಾಲು ಹಿಡಿದುಕೊಂಡು ಏರಿ ಹತ್ತಿ, ಮಗನ ಹತ್ತಿರ ಬಂದು, ಅವನ ತಲೆಗೊಂದು ಮೊಟಕಿದರು.

"ನೀರು ಬೆರೆಸು ಅಂದೆ, ದಿಟ. ಆದ್ರೆ ಬೆರೆಸ್ತೀನಿ ಅಂತ ಇಬ್ರಿಗೂ ಗೊತ್ತಿರ್ಬೇಕು ಕಣೋ! ನಾನು ಬೆರೆಸೋದು ಏಳೂ ಹಳ್ಳೀಗೆ ಗೊತ್ತಿತ್ತು. ಕದ್ದು ಬೆರೆಸುದ್ರೆ ಅದು ಹಾಲಿನೋನ ಯವಾರ."

ಆಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಆ ಕಡೆ ಈ ಕಡೆ ಹಾಕಿಸಿ, ನಡುವೆ ತಾವು ಕೂತರು. ಮಡಿಲಿನ ಚೀಲದಿಂದ ಎಲೆಅಡಿಕೆ ತೆಗೆದು ಮುಂದಿಟ್ಟರು.

"ಕೂತ್ಕಳಿ ಇಬ್ರೂ. ಏನೈತೋ ನನ್ಗೇಳಿ."

ನಾನೂರು ಜನರನ್ನು ನಡುಗಿಸಿದ ಇಬ್ಬರೂ ಕೂತರು. ಅವರಿಗೂ ಒಂದು ಊರಿತ್ತು, ಆ ಊರಿನಲ್ಲಿ ಇಂಥ ಒಬ್ಬ ಅಮ್ಮ ಇದ್ದಿರಬೇಕು.

"ಅಮ್ಮಾ, ನೀವು ದೊಡ್ಡೋರು," ಎಂದರು ವೆಂಕಟೇಶಪ್ಪ ಹಲ್ಲು ಕಚ್ಚಿ. "ಆ ಮನುಷ್ಯನಿಗೆ ಹೇಳಿ. ಅವನಿಗೆ ಕಣ್ಣೇ ಇಲ್ಲ!"

ಚಿಕ್ಕಮುನಿಯಪ್ಪ ಕೂತಿದ್ದದ್ದು ಕೈಯಳತೆಯಲ್ಲಿ. ವರಲಕ್ಷ್ಮಮ್ಮ ನಿಧಾನವಾಗಿ ಅವರ ಕಡೆ ತಿರುಗಿದರು. "ಕಣ್ಣು ಎಂಗೈತೆ ಅಂತ ಕೇಳ್ತಾವ್ರೆ."

ಏರಿಯ ಮೇಲೆ ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ಕತ್ತು ಚಾಚಿದರು. ಚಿಕ್ಕಮುನಿಯಪ್ಪ ಎರಡನ್ನೂ ಕೇಳಿಸಿಕೊಂಡಿದ್ದರು. ಎರಡರಲ್ಲಿ ಯಾವುದಕ್ಕೆ ಬೇಕಾದರೂ ಉತ್ತರ ಕೊಡಬಹುದಿತ್ತು. ಅವರು ಎರಡನೆಯದನ್ನೇ ಆರಿಸಿಕೊಂಡರು.

"ಪೊರೆ ಬಂದಿತ್ತು. ತೆಗೆಸಿದೆ ಅಂತ ಹೇಳಿ."

ಅಮ್ಮ ಈಚೆ ತಿರುಗಿದರು. "ಪೊರೆ ತೆಗೆಸವ್ರಂತೆ. ಈಗ ನಿಮ್ ಮುಖ ಚೆಂದಾಗಿ ಕಾಣ್ತದಂತೆ."

"ಅದನ್ನ ನಾನು ಹೇಳ್ಲಿಲ್ಲ!" ಎಂದರು ಚಿಕ್ಕಮುನಿಯಪ್ಪ.

"ನಂಗೊತ್ತು," ಎಂದರು ವೆಂಕಟೇಶಪ್ಪ. ಅಮ್ಮನ ಕಡೆ ಬಾಗಿ, "ಯಾವ ಡಾಕ್ಟ್ರು ಅಂತ ಕೇಳಿ ಅಮ್ಮ. ನನಗೂ ಎಡಗಣ್ಣು ಮಂಜು."

"ಮಂಜುಗಣ್ಣಲ್ಲಿ ನೋಡಿದ್ರೆ ಹುಲಿ ನಾಯಿ ಥರಾನೇ ಕಾಣೋದು ಅಂತ ಹೇಳಿ!"

"ಒಬ್ರೇ ಓಗ್ಬೇಡಿ, ಡಾಕ್ಟ್ರತ್ರ ನಾನೂ ಜೊತೇಲಿ ಬರ್ತೀನಿ ಅಂತಾವ್ರೆ."

ಮೊದಲು ನಕ್ಕದ್ದು ಯಾರೆಂದು ಈಗ ಇಬ್ಬರೂ ವಾದಿಸುತ್ತಾರೆ. ಎಳನೀರು ಕೊಚ್ಚಿ ಮುಗಿಯುವ ಹೊತ್ತಿಗೆ ಎರಡು ಕೈಗಳೂ ಎಲೆಅಡಿಕೆಯ ಮೇಲಿದ್ದವು. ನಾಯಿ ನಾಯಿಯಾಗಿ, ಹುಲಿ ಹುಲಿಯಾಗಿ, ಎಣ್ಣೆಯ ಕೆಳಗೆ ತಣ್ಣಗೆ ಮಲಗಿತ್ತು. ಒಂದೇ ಒಂದು ವಿಷಯದಲ್ಲಿ ಇಬ್ಬರಿಗೂ ಪೂರ್ತಿ ಒಮ್ಮತವಿತ್ತು. ಅದನ್ನು ಅವರು ಮುನೀಂದ್ರನ ಕಡೆ ನೋಡುತ್ತ, ಕೇಸರಿಬಾತು ತಿನ್ನುತ್ತ, ತಲೆಗೆ ತಲೆ ಸೇರಿಸಿ ಮಾತಾಡಿಕೊಂಡರು.

ಆ ಸಂಜೆಯೇ ಬಳಗಕ್ಕೆ ಒಂದು ಮೇಲ್ ಬಂತು. ಕೆಳಗೆ ಎರಡು ಹೆಸರು, ಒಂದರ ಪಕ್ಕ ಒಂದು. "ಈ ಬಳಗದ ನಿಯಂತ್ರಕ ಮುನೀಂದ್ರ ಎಂಬುವವನು ಶತಮೂರ್ಖ. ಬೈಗುಳದ ಬೆಲೆ ತಿಳಿಯದವನು. ಇವನನ್ನು ತಕ್ಷಣ ತೆಗೆಯಬೇಕೆಂದು ನಾವಿಬ್ಬರೂ ಒಕ್ಕೊರಲಿನಿಂದ ಒತ್ತಾಯಿಸುತ್ತೇವೆ."

ನಿಯಮವೆಂದರೆ ನಿಯಮ. ಆ ಮೇಲ್ ಕೂಡ ನಿಯಂತ್ರಕರ ಒಪ್ಪಿಗೆಗಾಗಿ ಕಾದು ನಿಂತಿತ್ತು.

ನಡುಮನೆಯಲ್ಲಿ ದರ್ಬಾರು ಸೇರಿತ್ತು, ಆದರೆ ಟೀ ಯಾರಿಗೂ ಇಳಿಯಲಿಲ್ಲ. "ಕೆಂಪು ಒತ್ತಿ," ಎಂದಳು ಧನಲಕ್ಷ್ಮಿ. "ಪೆನ್ಸಿಲ್ ಭಾಯ್, ಪೆನ್ಸಿಲ್," ಎಂದು ವಹಾಬ್ ಪಿಸುಗುಟ್ಟಿದರು. "ಶತಮೂರ್ಖ ತೆಗೀರಿ, ಶತಾಯುಷಿ ಹಾಕಿ." ಮುನೀಂದ್ರ ಪೆನ್ಸಿಲ್ ಮೇಲೆ ಬೆರಳಿಟ್ಟು ತಾಯಿಯ ಕಡೆ ನೋಡಿದ.

"ಬ್ಯಾಡ," ಎಂದರು ವರಲಕ್ಷ್ಮಮ್ಮ, ಮೊರದಿಂದ ಕಣ್ಣೆತ್ತದೆ. "ನೀರು ಬೆರೆಸೋದು ಇಬ್ರ ಮಾತು ಬ್ಯಾರೆ ಬ್ಯಾರೆ ಇದ್ದಾಗ. ಇಬ್ರೂ ಕೂಡಿ ಒಂದೇ ಮಾತು ಆಡವ್ರೆ. ಅಂಗೇ ಬಡಿಸು."

ಮುನೀಂದ್ರ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ತನ್ನನ್ನು ಶತಮೂರ್ಖನೆಂದು ಸಾರುವ ಮೇಲನ್ನು ಒಂದಕ್ಷರ ಮುಟ್ಟದೆ ನಾನೂರು ಮನೆಗೆ ಬಿಟ್ಟ.

ಬೆಳಿಗ್ಗೆ ಹರ್ಷಿತಾ ಮೇಡಂ ಕರೆಸಿದರು. ಅವನು ಕಪಾಟಿನ ಬೀಗದ ಕೈಗಳನ್ನು ಗೊಂಚಲು ಸಮೇತ ಹಿಡಿದೇ ಹೋದ. ಮೇಡಂ ಮುಂದೆ ಆ ಮೇಲ್‌ನ ಪ್ರಿಂಟ್ ಇತ್ತು. ಅವರು ಅದನ್ನು ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ನೋಡುತ್ತಿದ್ದರು.

"ಇಬ್ಬರ ಹೆಸರು ಒಂದೇ ಕಾಗದದಲ್ಲಿ ಮುನೀಂದ್ರ. ಒಕ್ಕೊರಲಿನಿಂದ ಅಂತ ಬೇರೆ ಇದೆ. ನನ್ನ ಥೀಸಿಸ್ಸಿಗೂ ಇವರಿಬ್ಬರೂ ಒಂದೇ ಹಾಳೇಲಿ ಸೈನ್ ಹಾಕ್ಲಿಲ್ಲ, ಗೊತ್ತಾ?" ಅವರು ಬ್ಯಾಗಿನಿಂದ ಲಕೋಟೆ ತೆಗೆದರು. "ಅವರು ಕೇಳಿದ ಹಾಗೆ ನಿಯಂತ್ರಕನ ಕೆಲಸದಿಂದ ನಿಮ್ಮನ್ನ ತೆಗೆದಿದೀನಿ. ಯುಗಾದಿವರೆಗೂ ಜಗಳ ಇರಬಾರದು ಅಂದಿದ್ದೆ. ಇಲ್ಲ. ತಗೊಳಿ."

ಮುನೀಂದ್ರ ಕಾಯಂ ಆದ. ಮನೆಗೆ ಹೊಸ ಮಿಕ್ಸಿ ಬಂತು. ಗೇಟಿನ ಬೋರ್ಡು ಇಳಿಯಿತು. ಸುದ್ದಿ ಕೇಳಿ ಓಡಿಬಂದ ಮುನಿರತ್ನ ಚಪ್ಪಲಿ ಬಿಡುತ್ತ ಬಾಯಿ ತೆರೆದು, ಕೇಳಲು ಏನೂ ಇಲ್ಲದೆ ಸುಮ್ಮನೆ ನೀರು ಕುಡಿದು ಹೋದ. ಬಳಗಕ್ಕೆ ಬೇರೆ ಯಾರೂ ಒಪ್ಪದ ಕಾರಣ ಮೇಡಂ ತಾವೇ ನಿಯಂತ್ರಕಿಯಾದರು.

ಯುಗಾದಿ ಕಳೆದ ಮೂರನೆಯ ದಿನ, ಇಳಿಸಂಜೆಯಲ್ಲಿ, ಮುನೀಂದ್ರನ ಫೋನು ಬಡಿದುಕೊಂಡಿತು. ಆ ಕಡೆ ಮೇಡಂ, ಬಾಯಿಗೆ ಕೈ ಅಡ್ಡ ಹಿಡಿದ ಸ್ವರ.

"ಮುನೀಂದ್ರ, ವೆಂಕಟೇಶಪ್ಪ ಸರ್ ಮೇಲ್ ಬಂದಿದೆ. ಈ ಸಲ ಕತ್ತಿ ಎಡಗೈಲಿದೆಯೋ ಬಲಗೈಲಿದೆಯೋ ಅಂತ. ತುಂಬಾ ಹುಳಿ ಇದೆ ಕಣ್ರೀ." ಸ್ವರ ಇನ್ನೂ ತಗ್ಗಿತು. "ನಿಮ್ಮ ತಾಯಿ ಮನೇಲಿದ್ದಾರಾ?"